ಹಗ್ಗವೋ, ಹಾವೋ? ಆಟದ ಕಡತ ಮತ್ತು ವೈರಸ್ ಎಚ್ಚರಿಕೆ

ನಮ್ಮ ವಿಭಾಗದಲ್ಲಿ ಒಂದೇ ವಾರದೊಳಗೆ ನಡೆದ ಎರಡು ಘಟನೆಗಳು ಈ ಲೇಖನಕ್ಕೆ ಕಾರಣ. ಅಂತಿಮ ಬಿ.ಎಸ್ಸಿ. ವಿದ್ಯಾರ್ಥಿನಿಯೊಬ್ಬಳು ಪೈಥಾನ್ ಭಾಷೆಯಲ್ಲಿ ಪುಟ್ಟ ಆಟವೊಂದನ್ನು ಬರೆದಿದ್ದಳು. ಫಿರಂಗಿಯ ಕೋನ, ಗುಂಡಿನ ಆರಂಭಿಕ ವೇಗ ಇವನ್ನು ಆರಿಸಿ ಗುರಿಗೆ ಹೊಡೆಯುವ ಆಟ. ಪೈಥಾನ್ ಇಲ್ಲದ ಕಂಪ್ಯೂಟರಿನಲ್ಲೂ ಓಡಲೆಂದು ಪೈಇನ್‌ಸ್ಟಾಲರ್ ಎಂಬ ಉಪಕರಣದ ನೆರವಿನಿಂದ ಅದನ್ನು ಒಂದೇ ಕಡತವಾಗಿ ಕಟ್ಟಿದ್ದಳು. ಪ್ರಯೋಗಾಲಯದ ಕಂಪ್ಯೂಟರಿಗೆ ನಕಲಿಸಿದ ಕೂಡಲೇ ವೈರಸ್ ನಿರೋಧಕ ತಂತ್ರಾಂಶವು 'ಟ್ರೋಜನ್' ಎಂದು ಘೋಷಿಸಿ ಅದನ್ನು ಅಳಿಸಿಹಾಕಿತು. ಎರಡು ದಿನಗಳ ಬಳಿಕ ಇನ್ನೊಬ್ಬ ವಿದ್ಯಾರ್ಥಿ, ಹಣ ಕೊಟ್ಟು ಕೊಳ್ಳಬೇಕಾದ ಆಟವೊಂದರ 'ಕ್ರ್ಯಾಕ್' ಪ್ರತಿಯನ್ನು ಇಳಿಸಿಕೊಂಡು ತಂದ. ಹೆಚ್ಚುಕಡಿಮೆ ಅದೇ ಎಚ್ಚರಿಕೆ. "ಇದು ಫಾಲ್ಸ್ ಪಾಸಿಟಿವ್ ಸರ್, ಜೊತೆಗಿರುವ ಸೂಚನೆಯಲ್ಲೇ ಹಾಗೆ ಬರೆದಿದ್ದಾರೆ" ಎಂದ. ಅವಳು ಅಳುವಂತಾಗಿದ್ದಳು, ಅವನು ನಿಶ್ಚಿಂತನಾಗಿದ್ದ. ಇರಬೇಕಾದದ್ದು ತಿರುವುಮುರುವಾಗಿ.

ಒಂದೇ ಎಚ್ಚರಿಕೆಗೆ ಎರಡು ಬೇರೆ ಅರ್ಥಗಳು ಹೇಗೆ ಸಾಧ್ಯ? ವೈರಸ್ ನಿರೋಧಕವೂ ಒಂದು ಮಾಪಕವೇ. ಗೈಗರ್ ಗಣಕವನ್ನು ಬಳಸಿದವರಿಗೆ ಗೊತ್ತು, ಸುತ್ತ ಯಾವ ವಿಕಿರಣಶೀಲ ಆಕರ ಇಲ್ಲದಿದ್ದರೂ ಅದು ಆಗಾಗ ಟಿಕ್ ಎನ್ನುತ್ತದೆ. ಆ ಹಿನ್ನೆಲೆ ಎಣಿಕೆಯನ್ನು ಕಳೆಯದೆ ಯಾರೂ ಫಲಿತಾಂಶ ಬರೆಯುವುದಿಲ್ಲ. ಕಂಪ್ಯೂಟರಿನ ಎಚ್ಚರಿಕೆಯ ವಿಷಯದಲ್ಲಿ ಮಾತ್ರ ನಾವು ಒಂದೋ ಪೂರ್ತಿ ನಂಬುತ್ತೇವೆ, ಇಲ್ಲವೇ ಪೂರ್ತಿ ಕಡೆಗಣಿಸುತ್ತೇವೆ.

ತಪ್ಪೇ ಮಾಡದ ವೈರಸ್ ನಿರೋಧಕವನ್ನು ಬರೆಯಲು ಸಾಧ್ಯವೇ ಇಲ್ಲವೆಂದು ಅಮೆರಿಕದ ಫ್ರೆಡ್ ಕೋಹೆನ್ 1984ರಲ್ಲಿ ತೋರಿಸಿದರು. ಅವರ ತರ್ಕ ಸೊಗಸಾಗಿದೆ. ಅಂಥ ಪರಿಪೂರ್ಣ ಪರೀಕ್ಷಕವೊಂದು ಇದೆಯೆಂದು ಇಟ್ಟುಕೊಳ್ಳೋಣ. ಈಗ ಒಂದು ಪ್ರೋಗ್ರಾಮ್ ಬರೆಯೋಣ: ಅದು ಮೊದಲು ತನ್ನ ಬಗ್ಗೆಯೇ ಪರೀಕ್ಷಕವನ್ನು ಕೇಳುತ್ತದೆ, 'ನೀನು ವೈರಸ್' ಎಂಬ ಉತ್ತರ ಬಂದರೆ ಸುಮ್ಮನಾಗುತ್ತದೆ, 'ಅಲ್ಲ' ಎಂದರೆ ಹರಡತೊಡಗುತ್ತದೆ. ಪರೀಕ್ಷಕ ಏನು ಹೇಳಿದರೂ ತಪ್ಪೇ! ಹೀಗಾಗಿ ಹಗ್ಗವನ್ನು ಹಾವೆನ್ನುವುದು, ಹಾವನ್ನು ಹಗ್ಗವೆನ್ನುವುದು, ಈ ಎರಡು ದೋಷಗಳಲ್ಲಿ ಒಂದಾದರೂ ಉಳಿದೇ ಉಳಿಯುತ್ತದೆ. ಮೊದಲನೆಯದೂ ಹಗುರವಾದುದೇನಲ್ಲ. 2010ರ ಏಪ್ರಿಲ್ 21ರಂದು ಮ್ಯಾಕಫಿ ಕಂಪನಿಯ ಪರಿಷ್ಕರಣೆಯೊಂದು ವಿಂಡೋಸ್ ಎಕ್ಸ್‌ಪಿಯ ಅತ್ಯಗತ್ಯ ಕಡತವನ್ನೇ ವೈರಸ್ ಎಂದು ಭಾವಿಸಿತು. ಲೋಕದಾದ್ಯಂತ ಅಸಂಖ್ಯ ಕಂಪ್ಯೂಟರುಗಳು ನಿಂತುಹೋದವು.

ಈಗ ಸ್ವಲ್ಪ ಲೆಕ್ಕ. ಅಂಕಿಗಳು ಉದಾಹರಣೆಗೆಂದು ಊಹಿಸಿದವು. ನಮ್ಮ ನಿರೋಧಕವು 100 ದುಷ್ಟ ಕಡತಗಳಲ್ಲಿ 99ನ್ನು ಹಿಡಿಯುತ್ತದೆ, 1,000 ಸಾಧು ಕಡತಗಳಲ್ಲಿ ಒಂದರ ಮೇಲೆ ಮಾತ್ರ ಸುಳ್ಳು ದೂರು ಹೇಳುತ್ತದೆ ಎನ್ನೋಣ. ನಂಬಿಕೆಯ ಮೂಲದಿಂದ 10 ಲಕ್ಷ ಕಡತಗಳು ಬಂದಿವೆ, ಅವುಗಳಲ್ಲಿ 10,000ಕ್ಕೆ ಒಂದರಂತೆ 100 ದುಷ್ಟ. ನಿಜವಾದ ಎಚ್ಚರಿಕೆಗಳು 99, ಹುಸಿ ಎಚ್ಚರಿಕೆಗಳು ಸುಮಾರು 1,000. ಅಂದರೆ ಹತ್ತರಲ್ಲಿ ಒಂಬತ್ತು ಕೂಗುಗಳು ಸುಳ್ಳು! ಇನ್ನು ಕ್ರ್ಯಾಕ್ ಹಂಚುವ ತಾಣಗಳಿಂದ 10 ಲಕ್ಷ ಕಡತಗಳು, ಐದಕ್ಕೆ ಒಂದು ದುಷ್ಟ ಎನ್ನೋಣ. ನಿಜವಾದ ಎಚ್ಚರಿಕೆಗಳು 1,98,000. ಹುಸಿ ಕೇವಲ 800. ಸುಮಾರು 250 ಕೂಗುಗಳಲ್ಲಿ ಒಂದು ಮಾತ್ರ ಸುಳ್ಳು. ನಿರೋಧಕ ಅದೇ, ಅದರ ನಿಖರತೆ ಅದೇ. ಬದಲಾದದ್ದು ಕಡತ ಬಂದ ದಾರಿ. ಸಂಭವನೀಯತೆಯ ಪಾಠದಲ್ಲಿ ಬೇಯ್ಸ್ ಪ್ರಮೇಯವನ್ನು ಹೇಳಿಕೊಡುವ ಅಧ್ಯಾಪಕರು ಈ ಉದಾಹರಣೆಯನ್ನು ಧಾರಾಳವಾಗಿ ಬಳಸಬಹುದು. ಚೆಂಡುಗಳ ಚೀಲಕ್ಕಿಂತ ಇದು ಮಕ್ಕಳಿಗೆ ಹತ್ತಿರದ್ದು.

ಆದ್ದರಿಂದ ಮೊದಲ ಪ್ರಶ್ನೆ, ಇದನ್ನು ಕೊಟ್ಟವರು ಯಾರು ಎಂಬುದು. ಎರಡನೆಯದು, ನಿರೋಧಕ ಏಕೆ ಕೂಗಿತು ಎಂಬುದು. ಆಟಗಳ ಮೇಲೆ ಹುಸಿ ದೂರುಗಳು ಹೆಚ್ಚಲು ನಿಜವಾದ ಕಾರಣಗಳಿವೆ. 2004ರಲ್ಲಿ ಜರ್ಮನಿಯ ತಂಡವೊಂದು 'ಕ್ರೀಗರ್' ಎಂಬ ಮೂರು ಆಯಾಮಗಳ ಆಟವನ್ನು ಕೇವಲ 96 ಕಿಲೋಬೈಟುಗಳಲ್ಲಿ ಅಡಕಗೊಳಿಸಿತು. ಇಂದು ಮೊಬೈಲಿನ ಒಂದು ಛಾಯಾಚಿತ್ರಕ್ಕೂ ಅಷ್ಟು ಸಾಲದು. ಗೋಡೆಗಳ ಚಿತ್ರವಿನ್ಯಾಸಗಳನ್ನೆಲ್ಲ ಅದು ಸೂತ್ರಗಳಿಂದ ಆಟದ ವೇಳೆಯಲ್ಲೇ ರಚಿಸಿಕೊಳ್ಳುತ್ತದೆ, ಪ್ರೋಗ್ರಾಮನ್ನು ಬಿಗಿಯಾಗಿ ಸಂಕುಚಿಸಿ ಇಟ್ಟಿರುತ್ತದೆ. ಓಡುವಾಗ ಅದು ತನ್ನನ್ನು ತಾನೇ ಸ್ಮೃತಿಯಲ್ಲಿ ಬಿಚ್ಚಿಕೊಳ್ಳಬೇಕು. ದುಷ್ಟ ತಂತ್ರಾಂಶಗಳು ಒಡಲನ್ನು ಅಡಗಿಸಲು ಮಾಡುವುದೂ ಇದನ್ನೇ. ಹಾಗಾಗಿ ಅಂಥ ಸಂಕೋಚನ ಕಂಡರೆ ನಿರೋಧಕಗಳಿಗೆ ಗುಮಾನಿ. ನಮ್ಮ ವಿದ್ಯಾರ್ಥಿನಿಯ ಆಟಕ್ಕೂ ಇಂಥದೇ ಗತಿ ಒದಗಿತ್ತು. ಪೈಇನ್‌ಸ್ಟಾಲರ್ ತಯಾರಿಸುವ ಪ್ರತಿ ಕಡತದ ಮುಂಭಾಗದಲ್ಲೂ ಒಂದೇ ಬಗೆಯ ಚಾಲಕ ಭಾಗವಿರುತ್ತದೆ. ಕಿಡಿಗೇಡಿಗಳೂ ಅದೇ ಉಪಕರಣ ಬಳಸುವುದರಿಂದ ಆ ಭಾಗದ ಚಹರೆಗೆ ಕೆಟ್ಟ ಹೆಸರು ಬಂದಿದೆ.

ಎಚ್ಚರಿಕೆಯಲ್ಲಿರುವ ಹೆಸರನ್ನೂ ಓದಬೇಕು. 'ಜೆನೆರಿಕ್', 'ಹ್ಯೂರ್' ಮುಂತಾದ ಪದಗಳಿದ್ದರೆ ಅದು ಹೋಲಿಕೆಯಿಂದ ಬಂದ ಅನುಮಾನ. ಮೈಕ್ರೋಸಾಫ್ಟ್ ಡಿಫೆಂಡರ್ ಕೊಡುವ ಹೆಸರಿನ ಕೊನೆಯಲ್ಲಿ 'ಎಂಎಲ್' ಅಕ್ಷರಗಳಿದ್ದರೆ ಯಂತ್ರಕಲಿಕೆಯ ಊಹೆ ಎಂದರ್ಥ. ಗೊತ್ತಿರುವ ದುಷ್ಟ ಕುಟುಂಬವೊಂದರ ನಿರ್ದಿಷ್ಟ ಹೆಸರಿದ್ದರೆ ವಿಷಯ ಗಂಭೀರ. 'ಹ್ಯಾಕ್‌ಟೂಲ್', 'ಕೀಜೆನ್' ಎಂಬ ಎಚ್ಚರಿಕೆಗಳು ಹುಸಿಯೇ ಅಲ್ಲ. ಕಡತ ಏನೆಂಬುದನ್ನು ಸರಿಯಾಗಿಯೇ ಹೇಳುತ್ತಿವೆ. ಆದರೆ ಅದರೊಳಗೆ ಬೇರೆ ಏನನ್ನಾದರೂ ತುರುಕಿದ್ದಾರೆಯೇ ಎಂಬುದನ್ನು ಆ ಹೆಸರು ಹೇಳುವುದಿಲ್ಲ.

ಎರಡನೆಯ ಅಭಿಪ್ರಾಯಕ್ಕೆ ವೈರಸ್‌ಟೋಟಲ್ ಎಂಬ ಸೇವೆ ಇದೆ. 2004ರಲ್ಲಿ ಸ್ಪೇನಿನಲ್ಲಿ ಆರಂಭವಾದ ಇದನ್ನು 2012ರಲ್ಲಿ ಗೂಗಲ್ ಕೊಂಡಿತು. ಕಡತವೊಂದನ್ನು ಅದು ಸುಮಾರು 70 ನಿರೋಧಕಗಳಿಂದ ಪರೀಕ್ಷಿಸುತ್ತದೆ. ಇಲ್ಲೊಂದು ಬಲೆ ಇದೆ. 70ರಲ್ಲಿ ಎಂಟು ಕೂಗಿದವೆಂದರೆ ಎಂಟು ಸ್ವತಂತ್ರ ಸಾಕ್ಷಿಗಳು ಎಂದಲ್ಲ. ಬಿಟ್‌ಡಿಫೆಂಡರ್‌ನ ಶೋಧಕವನ್ನೇ ಬೇರೆ ಹಲವು ಕಂಪನಿಗಳು ತಮ್ಮ ಉತ್ಪನ್ನದಲ್ಲಿ ಬಳಸುತ್ತವೆ. ಒಂದೇ ತಪ್ಪು ಉಷ್ಣಮಾಪಕಕ್ಕೆ ಹೊಂದಿಸಿದ ಐದು ಉಷ್ಣಮಾಪಕಗಳು ಒಂದೇ ಉಷ್ಣತೆ ತೋರಿಸಿದರೆ ನಾವು ಬೀಗುವುದಿಲ್ಲವಷ್ಟೆ. ಹಳೆಯ ಕಡತ, ಎರಡು ಮೂರು ಸಣ್ಣ ನಿರೋಧಕಗಳ ಅನುಮಾನ ಮಾತ್ರ ಎಂದಾದರೆ ಹುಸಿ ಇರಬಹುದು. ಹೊಸ ಕಡತವಾದರೆ ಕೆಲವು ದಿನ ಬಿಟ್ಟು ಮತ್ತೆ ಪರೀಕ್ಷಿಸಬೇಕು: ಹುಸಿಯಾಗಿದ್ದರೆ ದೂರುಗಳು ಸಾಮಾನ್ಯವಾಗಿ ಕಡಿಮೆಯಾಗುತ್ತವೆ, ನಿಜವಾಗಿದ್ದರೆ ಹೆಚ್ಚುತ್ತವೆ. (ಅಲ್ಲಿಗೆ ಕಳಿಸಿದ ಕಡತ ಇತರ ಸಂಶೋಧಕರಿಗೂ ಸಿಗುತ್ತದೆ. ಅಂಕಪಟ್ಟಿ, ಪ್ರಶ್ನೆಪತ್ರಿಕೆಗಳನ್ನು ಅಪ್ಪಿತಪ್ಪಿಯೂ ಹಾಕಬೇಡಿ.)

ಮೌನವೂ ಪುರಾವೆಯಲ್ಲ. 2023ರ ಜೂನ್‌ನಲ್ಲಿ ಮೈನ್‌ಕ್ರಾಫ್ಟ್ ಆಟದ ಹೆಚ್ಚುವರಿ ಭಾಗಗಳಲ್ಲಿ 'ಫ್ರಾಕ್ಚರೈಸರ್' ಎಂಬ ಪಿಡುಗು ಪತ್ತೆಯಾಯಿತು. ಅದು ಹೆಸರುವಾಸಿ ತಾಣದಲ್ಲೇ ಇತ್ತು, ಮೊದಮೊದಲು ನಿರೋಧಕಗಳು ಬಹುಮಟ್ಟಿಗೆ ಅದನ್ನು ಗುರುತಿಸಲಿಲ್ಲ. 2025ರ ಫೆಬ್ರವರಿಯಲ್ಲಿ ಸ್ಟೀಮ್ ಮಳಿಗೆಯಿಂದಲೇ 'ಪೈರೇಟ್‌ಫೈ' ಎಂಬ ಆಟವನ್ನು ದುಷ್ಟ ತಂತ್ರಾಂಶದ ಕಾರಣಕ್ಕೆ ತೆಗೆದುಹಾಕಬೇಕಾಯಿತು. ನಮ್ಮ ಲೆಕ್ಕದ '10,000ಕ್ಕೆ ಒಂದು' ಎಂಬುದು ಸೊನ್ನೆಯಲ್ಲ ಎಂಬುದನ್ನು ಗಮನಿಸಿ. ಕಡತದ ಎಸ್‌ಎಚ್‌ಎ-256 ಸಂಖ್ಯೆಯನ್ನು, ಅಂದರೆ 64 ಅಂಕಿ-ಅಕ್ಷರಗಳ ಬೆರಳಚ್ಚನ್ನು, ತಯಾರಕರು ಪ್ರಕಟಿಸಿದ್ದರೊಂದಿಗೆ ಹೋಲಿಸುವುದು ಒಳ್ಳೆಯ ಅಭ್ಯಾಸ. ಆದರೆ ಅದು ಕಡತ ದಾರಿಯಲ್ಲಿ ಬದಲಾಗಿಲ್ಲ ಎಂದಷ್ಟೇ ಹೇಳುತ್ತದೆ. ತಯಾರಕ ಸಜ್ಜನನೇ ಎಂಬುದನ್ನಲ್ಲ.

ವಿದ್ಯಾರ್ಥಿನಿಯ ಬಳಿ ಮೂಲ ಪ್ರೋಗ್ರಾಮೇ ಇತ್ತು. ಅದನ್ನು ಸಾಲು ಸಾಲಾಗಿ ಓದಿದೆವು, ಹೊಸದಾಗಿ ಹಾಕಿದ ಕಂಪ್ಯೂಟರಿನಲ್ಲಿ ಮತ್ತೆ ಕಟ್ಟಿದೆವು. ಅಲ್ಲೂ ಅದೇ ಜೆನೆರಿಕ್ ಎಚ್ಚರಿಕೆ ಬಂತು. ಒಂದೇ ಕಡತದ ಬದಲು ಫೋಲ್ಡರಿನ ರೂಪದಲ್ಲಿ ಕಟ್ಟಿದಾಗ ಹೋಯಿತು. ಹಳೆಯ ಕಡತವನ್ನು ಹುಸಿ ಎಚ್ಚರಿಕೆ ಎಂಬ ವಿವರಣೆಯೊಡನೆ ನಿರೋಧಕದ ತಯಾರಕರಿಗೆ ಕಳುಹಿಸಿದಳು. ಪ್ರಮುಖ ಕಂಪನಿಗಳೆಲ್ಲ ಇದಕ್ಕೆ ವ್ಯವಸ್ಥೆ ಇಟ್ಟಿವೆ. ನಿರೋಧಕವನ್ನು ಒಮ್ಮೆಯೂ ಆರಿಸಲಿಲ್ಲ.

ಇನ್ನೊಬ್ಬನ ಕಡತದ ಜೊತೆಗಿದ್ದ ಸೂಚನೆಯ ಮೊದಲ ಸಾಲೇ 'ನಿರೋಧಕವನ್ನು ಆರಿಸಿ' ಎಂಬುದು. ಕಳ್ಳನೇ ಬರೆದುಕೊಟ್ಟ ನಡತೆಯ ಪ್ರಮಾಣಪತ್ರ ಅದು. ಅವನು ಮನೆಯಲ್ಲಿ ಆಗಲೇ ಆರಿಸಿ ಆಟ ಆಡಿಯೂ ಆಗಿತ್ತು. ಮರುವಾರ ಅವನ ಮಿಂಚಂಚೆ ಖಾತೆಯನ್ನು ಬೇರೆ ಯಾರೋ ಬಳಸುತ್ತಿರುವುದು ತಿಳಿಯಿತು. ಬ್ರೌಸರಿನಲ್ಲಿ ಉಳಿಸಿಟ್ಟ ಗುಪ್ತಪದಗಳ ಜೊತೆಗೆ, ಲಾಗಿನ್ ಆಗಿರುವುದನ್ನು ನೆನಪಿಡುವ ಕುಕಿಗಳನ್ನೂ ಕದಿಯುವ ತಂತ್ರಾಂಶಗಳು ಈಗ ಸಾಮಾನ್ಯ. ಹಾಗಾಗಿ ಅದೇ ಕಂಪ್ಯೂಟರಿನಲ್ಲಿ ಕುಳಿತು ಗುಪ್ತಪದ ಬದಲಿಸಿದರೆ ಪ್ರಯೋಜನವಿಲ್ಲ. ಬೇರೆ ಕಂಪ್ಯೂಟರಿನಿಂದ ಎಲ್ಲ ಖಾತೆಗಳ ಗುಪ್ತಪದ ಬದಲಿಸಿ, ಎಲ್ಲ ಸಾಧನಗಳಿಂದಲೂ ಲಾಗ್‌ಔಟ್ ಮಾಡಿಸಿ, ಎರಡು ಹಂತದ ದೃಢೀಕರಣ ಹಾಕಿಸಿದೆವು. ಆಮೇಲೆ ಅವನ ಹಾರ್ಡ್ ಡಿಸ್ಕನ್ನು ಪೂರ್ತಿ ಅಳಿಸಿ ವಿಂಡೋಸನ್ನು ಮತ್ತೆ ಸ್ಥಾಪಿಸಲು ಒಂದು ಭಾನುವಾರ ಹಿಡಿಯಿತು.