ಹಿಶಿಕಾರಿಯ ಚಿನ್ನ ಮತ್ತು ಬಿಸಿನೀರಿನ ಜಾಡು

ಜಪಾನಿನ ಕ್ಯೂಶೂ ದ್ವೀಪದ ದಕ್ಷಿಣ ಭಾಗದಲ್ಲಿ, ಕಾಗೊಶಿಮಾ ಪ್ರಾಂತ್ಯದ ಹಿಶಿಕಾರಿ ಎಂಬಲ್ಲಿ 1981ರಲ್ಲಿ ಕೊರೆಯುವ ಯಂತ್ರವೊಂದು ನೆಲದಾಳದಿಂದ ಕಲ್ಲಿನ ಕಂಬಿಯನ್ನು ಮೇಲೆತ್ತಿತು. ಅದರಲ್ಲಿ ಬೆಣಚುಕಲ್ಲಿನ ಸಿರೆಯ ಭಾಗ ಇದ್ದದ್ದು ಕೇವಲ 15 ಸೆಂಟಿಮೀಟರ್. ಆದರೆ ಪ್ರಯೋಗಾಲಯದ ಲೆಕ್ಕದಲ್ಲಿ ಆ ಕಲ್ಲಿನ ಒಂದು ಟನ್ನಿಗೆ ಸುಮಾರು 290 ಗ್ರಾಂ ಚಿನ್ನ, 167 ಗ್ರಾಂ ಬೆಳ್ಳಿ ಸಿಕ್ಕಿತು. ಟನ್ನಿಗೆ ಮೂರರಿಂದ ಐದು ಗ್ರಾಂ ಚಿನ್ನ ಸಿಕ್ಕರೆ ಸಾಕು, ಗಣಿ ಲಾಭದಲ್ಲಿ ನಡೆಯುತ್ತದೆ ಎನ್ನುವ ಕಾಲವಿದು. ಇಂಥ ಸಿರಿವಂತ ಸಿರೆ ಅಲ್ಲಿದೆಯೆಂದು ಹೇಳುವ ಹೊಳೆಯುವ ಕಲ್ಲಾಗಲಿ, ಹೊಳೆಮರಳಿನ ಚಿನ್ನದ ಕಣಗಳಾಗಲಿ ಭೂವಿಜ್ಞಾನಿಗಳನ್ನು ಅಲ್ಲಿಗೆ ಕರೆತಂದಿರಲಿಲ್ಲ. ಎಂದೋ ಹರಿದಿದ್ದ ಬಿಸಿನೀರು ಸುತ್ತಲಿನ ಬಂಡೆಯಲ್ಲಿ ಮಾಡಿಹೋದ ಬದಲಾವಣೆಗಳನ್ನು ಅಳೆದು ಅವರು ಅಲ್ಲಿಗೆ ಮುಟ್ಟಿದರು. ಹಿಶಿಕಾರಿಯನ್ನು ಅದೃಷ್ಟದ ಕಥೆಯೆಂದು ಹೇಳುವವರಿದ್ದಾರೆ. ಸಾಕ್ಷ್ಯಗಳನ್ನು ಒಂದೊಂದಾಗಿ ನೋಡಿದರೆ ಆ ಮಾತು ನಿಲ್ಲುವುದಿಲ್ಲ.

ಮೊದಲು ಆ ಸಿರೆ ಹುಟ್ಟಿದ ಬಗೆಯನ್ನು ತಿಳಿಯಬೇಕು. ಕ್ಯೂಶೂ ಜ್ವಾಲಾಮುಖಿಗಳ ನಾಡು. ಆಳದ ಶಿಲಾಪಾಕದ ಕಾವಿಗೆ ಮಳೆನೀರಿನಿಂದ ಬಂದ ಅಂತರ್ಜಲ 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನವರೆಗೆ ಕಾಯುತ್ತದೆ. ಮೇಲಿನ ನೀರಿನ ಒತ್ತಡ ಇರುವವರೆಗೆ ಅದು ಕುದಿಯುವುದಿಲ್ಲ. ಚಿನ್ನ ಸಾಮಾನ್ಯ ನೀರಿಗೆ ಜಗ್ಗದ ಲೋಹ, ನಿಜ. ಆದರೆ ಈ ನೀರಿನಲ್ಲಿ ಕರಗಿರುವ ಗಂಧಕ ಚಿನ್ನದ ಜೊತೆ ಕೂಡಿಕೊಂಡು ಅದನ್ನು ಹೊತ್ತು ತರುತ್ತದೆ. ನೀರು ಬಿರುಕಿನಲ್ಲಿ ಮೇಲೇರಿದಂತೆ ಒತ್ತಡ ಇಳಿಯುತ್ತದೆ, ಒಂದು ಹಂತದಲ್ಲಿ ನೀರು ಥಟ್ಟನೆ ಕುದಿಯುತ್ತದೆ. ಸೋಡಾ ಬಾಟಲಿಯ ಮುಚ್ಚಳ ತೆಗೆದಾಗ ಅನಿಲ ನುಗ್ಗುವಂತೆ ಗಂಧಕದ ಅನಿಲವೂ ಹಬೆಯ ಜೊತೆ ಹಾರಿಹೋಗುತ್ತದೆ. ಹೊರುವ ಜೊತೆಗಾರನಿಲ್ಲದ ಚಿನ್ನ ಅಲ್ಲೇ ಬಿರುಕಿನ ಗೋಡೆಗೆ ಅಂಟುತ್ತದೆ. ಬಿರುಕು ಮುಚ್ಚುವುದು, ಮತ್ತೆ ಒಡೆಯುವುದು, ಮತ್ತೆ ಕುದಿಯುವುದು ಹೀಗೆ ಸಾವಿರಾರು ವರ್ಷ ನಡೆದಾಗ ಪದರ ಪದರವಾದ ಸಿರೆ ಬೆಳೆಯುತ್ತದೆ. ಹಿಶಿಕಾರಿಯ ಅದಿರಿನ ತುಂಡನ್ನು ಕತ್ತರಿಸಿ ನೋಡಿದರೆ ಹಾಲುಬಿಳುಪಿನ ಬೆಣಚಿನ ನಡುವೆ ಕೂದಲೆಳೆಯಿಂದ ಬೆರಳಗಲದವರೆಗಿನ ಕಪ್ಪು ಪಟ್ಟಿಗಳು ಕಾಣುತ್ತವೆ. ಲೋಹವೆಲ್ಲ ಹೆಚ್ಚಾಗಿ ಆ ಕಪ್ಪಿನಲ್ಲೇ: ಚಿನ್ನ ಬೆಳ್ಳಿ ಬೆರೆತ ಸಹಜ ಮಿಶ್ರಲೋಹ, ಜೊತೆಗೆ ಸೆಲೆನಿಯಂ ಮತ್ತು ಗಂಧಕದೊಂದಿಗೆ ಕೂಡಿದ ಬೆಳ್ಳಿಯ ಖನಿಜಗಳು. ಹಳದಿ ಹೊಳಪನ್ನು ಹುಡುಕುವ ಕಣ್ಣು ಇದನ್ನು ಮಸಿಯೆಂದು ದಾಟಿಬಿಡಬಹುದು.

ಅದೇ ಬೆಣಚಿನ ಜೊತೆ ಅಡುಲೇರಿಯಾ ಎಂಬ ಪೊಟ್ಯಾಶಿಯಂ ಫೆಲ್ಡ್‌ಸ್ಪಾರ್ ಕೂಡ ಇದೆ. ಕುದಿಯುವಾಗ ನೀರಿನ ಆಮ್ಲೀಯತೆ ತಗ್ಗುವುದರಿಂದ ಈ ಹರಳು ಮೂಡುತ್ತದೆ. ಹಾಗಾಗಿ ಅಲ್ಲಿ ನೀರು ಕುದಿದಿತ್ತು ಎನ್ನುವುದಕ್ಕೆ ಅದೇ ಸಾಕ್ಷಿ. ಅದರಲ್ಲಿರುವ ಪೊಟ್ಯಾಶಿಯಂನ ಒಂದು ಬಗೆ ನಿಧಾನವಾಗಿ ಆರ್ಗಾನ್ ಅನಿಲವಾಗುತ್ತಿರುತ್ತದೆ, ಆ ಅನಿಲವನ್ನು ಅಳೆದರೆ ಹರಳಿನ ವಯಸ್ಸು ಸಿಗುತ್ತದೆ. ಹಿಶಿಕಾರಿಯ ಸಿರೆಗಳ ವಯಸ್ಸು ಸುಮಾರು ಹತ್ತು ಲಕ್ಷ ವರ್ಷ. ಭೂಮಿಯ ಲೆಕ್ಕದಲ್ಲಿ ಇದು ನಿನ್ನೆ ಮೊನ್ನೆಯ ಮಾತು. ನನ್ನ ವಾದಕ್ಕೆ ಈ ಅಂಕಿ ಬಹಳ ಮುಖ್ಯ. ಇಷ್ಟು ಎಳೆಯ ಸಿರೆಯನ್ನು ಮಳೆ ಗಾಳಿಗಳು ಕೊರೆದು ಹೊರಗೆಡಹಲು ಇನ್ನೂ ಸಮಯ ಸಿಕ್ಕಿಲ್ಲ. ಅದರ ಸಿರಿವಂತ ಭಾಗ ಲಾವಾ ಬಂಡೆಯ ಹೊದಿಕೆಯಡಿ ಹಾಗೇ ಉಳಿದಿದೆ. ಮೇಲೆ ಏನೂ ಕಾಣದಿದ್ದದ್ದು ಒಳಗೆ ಏನೂ ಇಲ್ಲವೆಂಬುದಕ್ಕೆ ಪುರಾವೆಯಾಗಿರಲಿಲ್ಲ.

ಹಾಗಾದರೆ ಎಲ್ಲಿ ಕೊರೆಯಬೇಕೆಂದು ಗೊತ್ತಾದದ್ದು ಹೇಗೆ? 1970ರ ದಶಕದ ನಡುವಿನಿಂದ ಜಪಾನ್ ಸರಕಾರದ ಲೋಹ ಗಣಿಗಾರಿಕಾ ಸಂಸ್ಥೆ ಆ ಪ್ರದೇಶದ ಸಮೀಕ್ಷೆ ನಡೆಸಿತು. ಗುರುತ್ವ ಮಾಪನದಲ್ಲಿ ಒಂದು ಕಡೆ ಸೆಳೆತ ತುಸು ಹೆಚ್ಚು ಕಂಡಿತು. ಹಗುರ ಜ್ವಾಲಾಮುಖಿ ಶಿಲೆಗಳ ಕೆಳಗಿರುವ ಹಳೆಯ, ಭಾರವಾದ ಜೇಡಿಶಿಲೆ ಮತ್ತು ಮರಳುಗಲ್ಲಿನ ತಳಪಾಯ ಅಲ್ಲಿ ಉಬ್ಬಿ ಮೇಲಕ್ಕೆ ಬಂದಿತ್ತು. 1978ರಲ್ಲಿ ಹೆಲಿಕಾಪ್ಟರಿನಿಂದ ನೆಲದ ವಿದ್ಯುತ್ ರೋಧವನ್ನು ಅಳೆದಾಗ, ಅದೇ ಉಬ್ಬಿನ ಮೇಲೆ ರೋಧ ತಗ್ಗಿದ ಪಟ್ಟಿ ಸಿಕ್ಕಿತು. ಬಿಸಿನೀರು ಆಂಡಿಸೈಟ್ ಎಂಬ ಗಟ್ಟಿ ಜ್ವಾಲಾಮುಖಿ ಶಿಲೆಯನ್ನು ಜೇಡಿ ಖನಿಜಗಳನ್ನಾಗಿ ಮಾರ್ಪಡಿಸುತ್ತದೆ. ಒದ್ದೆ ಜೇಡಿ ವಿದ್ಯುತ್ತನ್ನು ಸುಲಭವಾಗಿ ಹರಿಯಬಿಡುತ್ತದೆ. ಎರಡು ಬೇರೆ ಬೇರೆ ಅಳತೆಗಳು ಒಂದೇ ಜಾಗವನ್ನು ತೋರಿಸಿದ ಮೇಲೆ ಕೊರೆತ ಶುರುವಾಯಿತು.

ಆಕ್ಷೇಪಗಳಿವೆ, ಅವು ಹಗುರವೂ ಅಲ್ಲ. ಆ ಊರಲ್ಲಿ ಹಿಂದೆಯೇ ಸಣ್ಣ ಗಣಿಯೊಂದಿತ್ತಲ್ಲ, ಹೊಸದೇನು ಕಂಡರು ಎನ್ನಬಹುದು. ಸುಳಿವು ಇದ್ದದ್ದು ನಿಜ. ಆದರೆ ಆ ಸುಳಿವನ್ನೇ ನಂಬಿ ಅಗೆದವರು ಕೈಚೆಲ್ಲಿದ್ದರು. ಅದೇ ಸುಳಿವಿಗೆ ತಳಪಾಯದ ಆಕಾರ ಮತ್ತು ಜೇಡಿಯ ಹರವು ಸೇರಿದ ಮೇಲಷ್ಟೇ ಆಳದ ಸಿರೆ ಸಿಕ್ಕಿತು. ಎರಡನೆಯ ಆಕ್ಷೇಪ ಇನ್ನೂ ಗಟ್ಟಿ: ಬಿಸಿನೀರಿನ ಜೇಡಿ ಜ್ವಾಲಾಮುಖಿ ನಾಡಿನಲ್ಲಿ ಎಲ್ಲೆಡೆ ಇದೆ, ಚಿನ್ನ ಎಲ್ಲೆಡೆ ಇಲ್ಲ. ಇದನ್ನು ಪೂರ್ತಿ ಒಪ್ಪಬೇಕು. ವಿದ್ಯುತ್ ರೋಧದ ನಕ್ಷೆಯೊಂದನ್ನೇ ಹಿಡಿದು ಕೊರೆದವರಿಗೆ ಹೆಚ್ಚಿನ ಸಲ ಬರಿ ಜೇಡಿಯೇ ಸಿಗುತ್ತದೆ. ಬಿರುಕು ಬಾಯಿಬಿಡಲು ತಕ್ಕ ಗಟ್ಟಿ ತಳಪಾಯವೂ ಜೊತೆಗಿರಬೇಕು. ಹಿಶಿಕಾರಿಯಲ್ಲಿ ಹಳೆಯ ಜೇಡಿಶಿಲೆಯೂ ಆಂಡಿಸೈಟೂ ಕೂಡುವ ಗೆರೆಯ ಆಸುಪಾಸಿನಲ್ಲೇ ಅದಿರು ಅತಿ ಸಿರಿವಂತವಾಗಿರುವುದು ಈ ಮಾತಿಗೆ ಆಧಾರ. ಇನ್ನು 15 ಸೆಂಟಿಮೀಟರ್ ಕಲ್ಲನ್ನು ನಂಬಿ ಗಣಿ ತೆರೆಯಬಹುದೇ? ಖಂಡಿತ ಕೂಡದು. ಚಿನ್ನ ಸಿರೆಯಲ್ಲಿ ಸಮನಾಗಿ ಹರಡಿರುವುದಿಲ್ಲ, ಒಂದು ಕೊರೆತ ಗೊಂಚಲಿಗೆ ತಾಗಿದರೆ ಅಂಕಿ ಏರುತ್ತದೆ, ಒಂದು ಅಡಿ ತಪ್ಪಿದರೆ ಬರಿ ಬೆಣಚು. ಅದಕ್ಕೇ ಗಣಿಯ ಹಕ್ಕಿದ್ದ ಸುಮಿಟೊಮೊ ಕಂಪನಿ ಸಾಲುಸಾಲಾಗಿ ಮತ್ತಷ್ಟು ಕೊರೆದು ನೋಡಿದ ನಂತರವೇ 1983ರಲ್ಲಿ ಸುರಂಗಕ್ಕೆ ಕೈಹಾಕಿತು. 1985ರಲ್ಲಿ ಅದಿರು ಹೊರಬಂತು. ಆಳದ ಕಾವು ಇನ್ನೂ ಆರಿರಲಿಲ್ಲ; ಸುಮಾರು 65 ಡಿಗ್ರಿಯ ನೀರನ್ನು ಪಂಪಿನಿಂದ ಹೊರಹಾಕದೆ ಅಲ್ಲಿ ಕೆಲಸ ಮಾಡಲಾಗದು.

ಕನ್ನಡಿಗರಿಗೆ ಚಿನ್ನದ ಗಣಿಯೆಂದರೆ ಕೋಲಾರ ಮತ್ತು ಹಟ್ಟಿ. ಹಿಶಿಕಾರಿಯ ನಕ್ಷೆಯನ್ನು ಹಾಗೇ ತಂದು ಅಲ್ಲಿ ಹಾಸುವಂತಿಲ್ಲ. ನಮ್ಮ ಸಿರೆಗಳು ಸುಮಾರು 250 ಕೋಟಿ ವರ್ಷ ಹಳೆಯವು, ಭೂಮಿಯೊಳಗೆ ಹಲವು ಕಿಲೋಮೀಟರ್ ಆಳದಲ್ಲಿ ಮೂಡಿದವು. ಅದರಿಂದಲೇ ಕೋಲಾರದ ಸಿರೆಯನ್ನು 3 ಕಿಲೋಮೀಟರಿಗೂ ಕೆಳಗೆ ಹಿಂಬಾಲಿಸಿ ಹೋಗಲು ಸಾಧ್ಯವಾಯಿತು. ಹಿಶಿಕಾರಿಯ ಬಗೆಯ ಸಿರೆ ನೆಲಮಟ್ಟದಿಂದ ಕೆಲವು ನೂರು ಮೀಟರಿನೊಳಗೆ, ನೀರು ಕುದಿದ ಎತ್ತರದಲ್ಲಷ್ಟೇ ಸಿರಿವಂತ. ಅಂಥವು ಒಂದು ಕಾಲಕ್ಕೆ ನಮ್ಮಲ್ಲಿ ಇದ್ದಿದ್ದರೂ ಕೋಟ್ಯಂತರ ವರ್ಷಗಳ ಸವೆತದಲ್ಲಿ ಕೊಚ್ಚಿಹೋಗಿರುತ್ತವೆ. ಆದರೆ ಲೋಹದ ಬದಲು ಅದರ ಸುತ್ತಲ ಬಂಡೆಯನ್ನು ಓದುವ ಕ್ರಮ ಇಲ್ಲಿಗೂ ಸಲ್ಲುತ್ತದೆ. ಓದಬೇಕಾದ ಗುರುತುಗಳು ಮಾತ್ರ ಬೇರೆ.

ಜಪಾನಿನ ಹೆಸರಾಂತ ಸಾಡೊ ಗಣಿ ಸುಮಾರು ನಾಲ್ಕು ಶತಮಾನಗಳಲ್ಲಿ ಕೊಟ್ಟ ಚಿನ್ನ 78 ಟನ್. ಹಿಶಿಕಾರಿ ಆ ಮೊತ್ತವನ್ನು 1990ರ ದಶಕ ಮುಗಿಯುವುದರೊಳಗೆ ದಾಟಿತು. ಇಂದಿಗೆ 200 ಟನ್ನಿಗೂ ಹೆಚ್ಚು ಚಿನ್ನ ಕೊಟ್ಟಿರುವ ಆ ಗಣಿ ಇನ್ನೂ ನಡೆಯುತ್ತಿದೆ.