ವೈದ್ಯರಿಗೂ ದಾದಿಯರಿಗೂ ವಿಧಿಸುವ ವೃತ್ತಿದಂಡನೆಯಲ್ಲಿನ ತಾರತಮ್ಯ

ಇಂಗ್ಲೆಂಡಿನಲ್ಲಿ ವೈದ್ಯರ ನಡತೆಯನ್ನು ವಿಚಾರಿಸುವ ಮಂಡಲಿಯೇ ಬೇರೆ, ದಾದಿಯರ ನಡತೆಯನ್ನು ವಿಚಾರಿಸುವ ಮಂಡಲಿಯೇ ಬೇರೆ. ವೈದ್ಯರ ಮಂಡಲಿಯು 1858ರ ಶಾಸನದಿಂದ ಹುಟ್ಟಿತು. ದಾದಿಯರ ನೋಂದಣಿಯು 1919ರ ಶಾಸನದಿಂದ ಮೊದಲಾಯಿತು. ಒಬ್ಬನೇ ರೋಗಿಯ ವಿಷಯದಲ್ಲಿ ಇಬ್ಬರೂ ತಪ್ಪಿದಾಗ ಈ ಎರಡು ಮಾರ್ಗಗಳು ಎಷ್ಟು ದೂರ ಅಗಲುವುವೆಂಬುದಕ್ಕೆ ಲೆಸ್ಟರ್ ನಗರದ ಒಂದು ಪ್ರಕರಣವು ನಿದರ್ಶನವಾಗಿದೆ.

2011ರ ಫೆಬ್ರವರಿಯಲ್ಲಿ ಅಲ್ಲಿನ ಆಸ್ಪತ್ರೆಯೊಂದರಲ್ಲಿ 6 ವರ್ಷದ ಬಾಲಕನೊಬ್ಬನು ರಕ್ತಕ್ಕೆ ನಂಜೇರಿ ಮೃತನಾದನು. ಆ ದಿನ ಗಣಕಯಂತ್ರಗಳು ಕೆಟ್ಟು, ರಕ್ತಪರೀಕ್ಷೆಯ ಫಲಗಳು ತಡವಾಗಿ ಕೈಸೇರಿದ್ದುವು. ಹಿರಿಯ ವೈದ್ಯರು ಸಂಜೆಯವರೆಗೆ ಸ್ಥಳದಲ್ಲಿರಲಿಲ್ಲ. 2015ರಲ್ಲಿ ಒಬ್ಬ ಕಿರಿಯ ವೈದ್ಯೆಯೂ ಒಬ್ಬ ದಾದಿಯೂ ಘೋರವಾದ ಅಲಕ್ಷ್ಯದಿಂದಾದ ನರಹತ್ಯೆಯ ಅಪರಾಧಿಗಳೆಂದು ನಿರ್ಣಯವಾಯಿತು. ನ್ಯಾಯಾಲಯವು ಇಬ್ಬರಿಗೂ 2 ವರ್ಷಗಳ ಸೆರೆಯನ್ನೇ ವಿಧಿಸಿ, ಅದನ್ನು ಅಮಾನತಿನಲ್ಲಿಟ್ಟಿತು.

ಅಪರಾಧವೂ ಒಂದೇ, ನ್ಯಾಯಾಲಯದ ಶಿಕ್ಷೆಯೂ ಒಂದೇ. ವೃತ್ತಿದಂಡನೆ ಮಾತ್ರ ಬೇರೆಯಾಯಿತು. 2016ರಲ್ಲಿ ದಾದಿಯ ಹೆಸರನ್ನು ಪಟ್ಟಿಯಿಂದ ತೆಗೆದುಹಾಕಲಾಯಿತು. ವೈದ್ಯೆಯನ್ನಾದರೋ 2017ರಲ್ಲಿ ವಿಚಾರಣಾ ಪೀಠವು 12 ತಿಂಗಳು ಮಾತ್ರ ವೃತ್ತಿಯಿಂದ ದೂರವಿರಿಸಿತು. ಇದು ಸಾಲದೆಂದು ವೈದ್ಯರ ಮಂಡಲಿಯೇ ಮೇಲ್ಮನವಿ ಸಲ್ಲಿಸಲು, 2018ರ ಜನವರಿಯಲ್ಲಿ ಆಕೆಯ ಹೆಸರೂ ಅಳಿಯಿತು. ಆದರೆ ಅದೇ ವರ್ಷದ ಆಗಸ್ಟಿನಲ್ಲಿ ಮೇಲ್ಮನವಿಯ ನ್ಯಾಯಾಲಯವು ಪೀಠದ ಮೊದಲ ತೀರ್ಪನ್ನೇ ಎತ್ತಿಹಿಡಿಯಿತು.

ಈ ಭೇದವೊಂದರಿಂದಲೇ ಅನ್ಯಾಯವಾಯಿತೆಂದು ಹೇಳಲಾಗದು; ಇಬ್ಬರ ಲೋಪಗಳೂ ಒಂದೇ ಬಗೆಯವಾಗಿರಲಿಲ್ಲ. ವೈದ್ಯೆಯು ರೋಗದ ತೀವ್ರತೆಯನ್ನು ಅರಿಯದೆ ಹೋದಳು. ದಾದಿಯು ರೋಗಿಯ ಸ್ಥಿತಿಯನ್ನು ಸರಿಯಾಗಿ ಗಮನಿಸಿ ಬರೆದಿಡಲಿಲ್ಲ. ಆದರೆ ಆಸ್ಪತ್ರೆಯ ಅವ್ಯವಸ್ಥೆಯು ಇಬ್ಬರನ್ನೂ ಸುತ್ತುವರಿದಿತ್ತು.

ತಾರತಮ್ಯದ ಮೂಲವನ್ನು ಶಾಸನದ ರಚನೆಯಲ್ಲಿಯೂ ಹುಡುಕಬೇಕಾಗಿದೆ. ಎರಡು ಮಂಡಲಿಗಳ ಮೇಲೂ ಕಣ್ಣಿಡುವ ಒಂದು ಪ್ರಾಧಿಕಾರವಿದ್ದರೂ, ಜನರ ರಕ್ಷಣೆಗೆ ಸಾಲದಷ್ಟು ಮೃದುವಾದ ತೀರ್ಪನ್ನು ಮಾತ್ರ ಅದು ಉಚ್ಚ ನ್ಯಾಯಾಲಯಕ್ಕೆ ಒಯ್ಯಬಲ್ಲದು. ತೀರ್ಪು ಅತಿಕಠಿನವಾದರೆ ದಂಡಿತಳಾದ ದಾದಿಯೇ 28 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬೇಕು. ಇದಕ್ಕೆ ಧನವೂ ಬೆಂಬಲವೂ ಬೇಕು. ಆ ವೈದ್ಯೆಯ ವ್ಯಾಜ್ಯಕ್ಕಾಗಿ ಸಹೋದ್ಯೋಗಿಗಳು ಮೊದಲಾದವರಿಂದ 3 ಲಕ್ಷ ಪೌಂಡುಗಳಿಗೂ ಮೀರಿ ಹಣ ಕೂಡಿತು. ಅಂಥ ಬೆಂಬಲವಿಲ್ಲದವರ ಪಾಲಿಗೆ ಮೊದಲ ತೀರ್ಪೇ ಕೊನೆಯ ತೀರ್ಪಾಗುವುದು ಸಹಜ.

ಆದುದರಿಂದ ವೈದ್ಯೆಗೆ ದೊರೆತ ವಿವೇಚನೆಯನ್ನು ಕಸಿಯುವುದು ಸಮತೆಯಲ್ಲ. ಅದೇ ವಿವೇಚನೆಯು ದಾದಿಗೂ ಸುಲಭಸಾಧ್ಯವಾಗುವುದೇ ಸಮತೆ.