ಮಗು ಕೊಟ್ಟ ಮಾತು, ದೇಶ ಕೊಟ್ಟ ಮಾತು

ದೇವನಹಳ್ಳಿ ತಾಲ್ಲೂಕಿನ ವಿಜಯಪುರದಲ್ಲಿ ಶಾಲೆಯ ಬೆಲ್ ಹೊಡೆದ ಮೇಲೆ ಯಾವ ಅಂಗಳಕ್ಕೆ ಹೋದರೂ ಕಾಣುವ ನೋಟ ಒಂದೇ. ಕುಳ್ಳಗಿರುವವರು ಮುಂದೆ, ಎತ್ತರದವರು ಹಿಂದೆ. ‘ಸಾವಧಾನ್’, ‘ವಿಶ್ರಾಮ್’. ನಾಡಗೀತೆ, ರಾಷ್ಟ್ರಗೀತೆ. ಆಮೇಲೆ ಬಲಗೈ ಮುಂದೆ ಚಾಚಿ ಪ್ರತಿಜ್ಞೆ. ಮುಂದೆ ನಿಂತ ಹುಡುಗಿ ಒಂದು ಸಾಲು ಹೇಳಿದರೆ ಇಡೀ ಅಂಗಳ ಅದನ್ನೇ ಹೇಳುತ್ತದೆ. ಒಂದನೇ ತರಗತಿಯ ಮಕ್ಕಳ ಕೈ ಸೋತು ಅರ್ಧಕ್ಕೇ ಇಳಿಯುತ್ತದೆ. ದನಿ ಮಾತ್ರ ಇಳಿಯುವುದಿಲ್ಲ.

ಇದನ್ನು ದಿನಾ ಹೇಳಿಸಬೇಕೆ? ಆರು ವರ್ಷದ ಮಗುವಿಗೆ ಇದರಲ್ಲಿ ಎಷ್ಟು ಅರ್ಥವಾದೀತು? ಹೇಳಿಸಲೇಬೇಕು ಎನ್ನುವವರೂ ಬೇಡ ಎನ್ನುವವರೂ ದೇಶವನ್ನು ಪ್ರೀತಿಸುವವರೇ. ಹಾಗಾಗಿ ಕೋಪ ಬಿಟ್ಟು, ಈ ಮಾತುಗಳು ನಮ್ಮ ಅಂಗಳಕ್ಕೆ ಹೇಗೆ ಬಂದವು ಎಂಬುದನ್ನು ಮೊದಲು ನೋಡೋಣ.

ಖಜಾನೆ ಅಧಿಕಾರಿ ಬರೆದ ಪ್ರತಿಜ್ಞೆ

ಪ್ರತಿಜ್ಞೆಯನ್ನು ಬರೆದವರು ಮಂತ್ರಿಯಲ್ಲ, ಸೇನಾನಿಯೂ ಅಲ್ಲ. ನಲ್ಗೊಂಡ ಜಿಲ್ಲೆಯ ಅನ್ನೆಪರ್ತಿಯ ಪೈಡಿಮರ್ರಿ ವೆಂಕಟ ಸುಬ್ಬರಾವ್. ವಿಶಾಖಪಟ್ಟಣದಲ್ಲಿ ಜಿಲ್ಲಾ ಖಜಾನೆ ಅಧಿಕಾರಿಯಾಗಿದ್ದಾಗ, ಚೀನಾ ಯುದ್ಧ ನಡೆದ 1962ರಲ್ಲಿ, ತೆಲುಗಿನಲ್ಲಿ ಬರೆದರು. ಮರುವರ್ಷ ವಿಶಾಖಪಟ್ಟಣದ ಶಾಲೆಯಲ್ಲಿ ಮಕ್ಕಳು ಅದನ್ನು ಓದಿದರು. 1964ರ ಅಕ್ಟೋಬರ್‌ನಲ್ಲಿ ಕೇಂದ್ರ ಶಿಕ್ಷಣ ಸಲಹಾ ಮಂಡಳಿಯ ಸಭೆ ಎಂ.ಸಿ. ಛಾಗ್ಲಾ ಅವರ ಅಧ್ಯಕ್ಷತೆಯಲ್ಲಿ ಸೇರಿದ್ದು ನಮ್ಮ ಬೆಂಗಳೂರಿನಲ್ಲೇ. ಶಾಲೆಗಳಲ್ಲಿ ಪ್ರತಿಜ್ಞೆ ಹೇಳಿಸಬೇಕೆಂಬ ಸಲಹೆ ಅಲ್ಲಿಂದ ಹೊರಟು, 1965ರ ಜನವರಿ 26ರಿಂದ ದೇಶದ ಶಾಲೆಗಳಿಗೆಲ್ಲ ಹಬ್ಬಿತು.

ಅದರ ತಿರುಳು ಸರಳ. ಈ ದೇಶದವರೆಲ್ಲ ನನ್ನ ಒಡಹುಟ್ಟಿದವರು, ಇವರ ಒಳಿತಿನಲ್ಲೇ ನನ್ನ ಸಂತೋಷ. ಮಗು ದೇಶಕ್ಕೆ ಕೊಡುವ ಮಾತು ಇದು.

ಕರ್ನಾಟಕದ ಶಾಲೆಗಳಿಗೆ ಇತ್ತೀಚೆಗೆ ಇನ್ನೊಂದು ಓದು ಸೇರಿದೆ. ಶಾಲೆ ಕಾಲೇಜುಗಳಲ್ಲಿ ಸಂವಿಧಾನದ ಪೀಠಿಕೆಯನ್ನು ಓದುವುದನ್ನು ಕಡ್ಡಾಯ ಮಾಡುವ ತೀರ್ಮಾನವನ್ನು ರಾಜ್ಯ ಸಚಿವ ಸಂಪುಟ 2023ರ ಜೂನ್‌ನಲ್ಲಿ ಕೈಗೊಂಡಿತು. ಅದೇ ವರ್ಷ ಸೆಪ್ಟೆಂಬರ್ 15ರ ಪ್ರಜಾಪ್ರಭುತ್ವ ದಿನದಂದು ವಿಧಾನಸೌಧದ ಮುಂದೆ ಸಾಮೂಹಿಕ ಓದೂ ನಡೆಯಿತು. ಪೀಠಿಕೆ ಪ್ರತಿಜ್ಞೆಯಂತಲ್ಲ. 1949ರ ನವೆಂಬರ್ 26ರಂದು ಹಿರಿಯರು ಒಪ್ಪಿ ಅಂಗೀಕರಿಸಿದ ಮಾತು ಅದು. ನ್ಯಾಯ, ಸ್ವಾತಂತ್ರ್ಯ, ಸಮಾನತೆ ದೊರಕಿಸಿಕೊಡುತ್ತೇವೆ ಎಂದು ದೇಶ ಮಗುವಿಗೆ ಕೊಟ್ಟ ಮಾತು.

ಆಣೆಯ ತೂಕ

ನಮ್ಮ ಕಡೆ ಮಕ್ಕಳು ಮಾತುಮಾತಿಗೆ ಆಣೆ ಇಟ್ಟರೆ ಅಜ್ಜಿಯಂದಿರು ಗದರುತ್ತಾರೆ. ಉಳಿಸಿಕೊಳ್ಳುವ ಶಕ್ತಿ ಇದ್ದವರು ಮಾತ್ರ ಆಣೆ ಇಡಬೇಕು, ಸುಮ್ಮಸುಮ್ಮನೆ ಇಟ್ಟರೆ ಅದರ ತೂಕ ಹೋಗುತ್ತದೆ ಎಂಬುದು ಅವರ ತಿಳಿವಳಿಕೆ. ಅರ್ಥ ಹೇಳದೆ ವರ್ಷವಿಡೀ ಪ್ರತಿಜ್ಞೆ ಮಾಡಿಸುವಾಗ ನಾವು ಕಳೆದುಕೊಳ್ಳುವುದು ಈ ತೂಕವನ್ನೇ. ಪೀಠಿಕೆಯ ‘ಭ್ರಾತೃತ್ವ’ ಎಂಬ ಪದವನ್ನೇ ನೋಡಿ. ಒತ್ತು, ಋಕಾರ, ಮತ್ತೆ ಒತ್ತು. ಅದನ್ನು ತಡವರಿಸದೆ ಉಚ್ಚರಿಸುವುದರಲ್ಲೇ ಮಗುವಿನ ಶ್ರಮವೆಲ್ಲ ಮುಗಿಯುತ್ತದೆ, ಅರ್ಥ ಹೊರಗೇ ನಿಲ್ಲುತ್ತದೆ.

ಆದರೆ ಆ ಪದಕ್ಕೆ ವಿಜಯಪುರದಲ್ಲಿ ನಿಘಂಟು ಬೇಕಿಲ್ಲ. ಇದು ರೇಷ್ಮೆಯ ಊರು. ಸುತ್ತಲ ಹಳ್ಳಿಗಳಲ್ಲಿ ಹಿಪ್ಪುನೇರಳೆ ಸೊಪ್ಪು ಬೆಳೆದು, ಹುಳು ಮೇಯಿಸಿ, ಹಣ್ಣಾದ ಹುಳುವನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಡುವವರು ಒಬ್ಬರು. ಮಾರುಕಟ್ಟೆಯಲ್ಲಿ ಗೂಡು ಹರಾಜು ಹಿಡಿದು ನೂಲು ಬಿಚ್ಚುವವರು ಇನ್ನೊಬ್ಬರು. ಇವರ ಓಣಿ ಬೇರೆ, ಜಾತಿ ಧರ್ಮ ಬೇರೆ, ಹಬ್ಬ ಬೇರೆ. ಒಬ್ಬರಿಲ್ಲದೆ ಇನ್ನೊಬ್ಬರ ಒಲೆ ಉರಿಯುವುದಿಲ್ಲ.

ಬಿಚ್ಚಾಣಿಕೆಯ ಕೆಲಸವನ್ನು ಹತ್ತಿರ ನಿಂತು ನೋಡಿ. ಒಂದು ಗೂಡಿನ ಎಳೆ ಕಣ್ಣಿಗೆ ಹತ್ತದಷ್ಟು ಸಣ್ಣದು. ಬಿಸಿನೀರಲ್ಲಿ ಬೆಂದ ಎಂಟು ಹತ್ತು ಗೂಡುಗಳ ಎಳೆ ಕೂಡಿದರೇ ಒಂದು ನೂಲು. ಅವುಗಳಲ್ಲಿ ಒಂದು ಕಡಿದರೆ ಬಿಚ್ಚುವವರ ಬೆರಳು ಕೂಡಲೇ ಇನ್ನೊಂದು ಎಳೆ ಹುಡುಕಿ ಕೂಡಿಸಬೇಕು. ತಡವಾದರೆ ಅಷ್ಟು ದೂರ ನೂಲು ತೆಳ್ಳಗಾಗುತ್ತದೆ. ಈ ಊರಿನ ಮಗುವಿಗೆ ಭ್ರಾತೃತ್ವ ಎಂದರೆ ಇಷ್ಟೇ ಎಂದು ತೋರಿಸಿ. ಮರುದಿನ ಅಂಗಳದಲ್ಲಿ ಆ ಪದ ಅದರ ಬಾಯಲ್ಲಿ ಬೇರೆಯೇ ಆಗಿ ಕೇಳಿಸುತ್ತದೆ.

‘ನ್ಯಾಯ’ ಎಂಬ ಪದಕ್ಕೂ ಪಾಠ ಪಕ್ಕದಲ್ಲೇ ಇದೆ. ಇದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಜಮೀನನ್ನು ಕೈಗಾರಿಕೆಗಾಗಿ ಸ್ವಾಧೀನ ಮಾಡಲು ಹೊರಟಾಗ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಹೋರಾಡಿದರು. 2025ರ ಜುಲೈ 15ರಂದು ಸರ್ಕಾರ ಆ ಸ್ವಾಧೀನವನ್ನು ಕೈಬಿಡುವುದಾಗಿ ಘೋಷಿಸಿತು. ಆ ಮನೆಗಳ ಮಕ್ಕಳೂ ಶಾಲೆಯಲ್ಲಿ ಕೈ ಚಾಚಿ ನಿಂತವರೇ. ದೇಶಕ್ಕೆ ಮಾತು ಕೊಟ್ಟವರು ದೇಶ ಕೊಟ್ಟ ಮಾತನ್ನು ನೆನಪಿಸುವುದೂ ದೇಶಭಕ್ತಿಯೇ ಎಂದು ಅವರಿಗೆ ಯಾರಾದರೂ ಹೇಳಬೇಕು.

ಸುಮ್ಮನೆ ನಿಂತ ಮಗು

ಇನ್ನು ಬಲವಂತದ ಮಾತು. 1985ರಲ್ಲಿ ಕೇರಳದ ಮೂವರು ಮಕ್ಕಳನ್ನು ಶಾಲೆಯಿಂದ ಹೊರಗೆ ಹಾಕಿದರು. ರಾಷ್ಟ್ರಗೀತೆಗೆ ಅವರು ಎದ್ದು ಗೌರವದಿಂದ ನಿಲ್ಲುತ್ತಿದ್ದರು, ಆದರೆ ಯೆಹೋವನ ಸಾಕ್ಷಿಗಳ ಪಂಥದವರಾದ್ದರಿಂದ ಹಾಡುತ್ತಿರಲಿಲ್ಲ. ಮರುವರ್ಷ ಸುಪ್ರೀಂ ಕೋರ್ಟ್ ಆ ಮಕ್ಕಳ ಪರ ತೀರ್ಪು ಕೊಟ್ಟಿತು. ಗೌರವದಿಂದ ನಿಂತು ಮೌನವಾಗಿರುವುದು ಅಗೌರವವಲ್ಲ ಎಂದು ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿ ಅವರ ಪೀಠ ಒಪ್ಪಿತು. ಅಮೆರಿಕದ ಸುಪ್ರೀಂ ಕೋರ್ಟ್ 1943ರಲ್ಲಿ, ಮಹಾಯುದ್ಧದ ನಡುವೆಯೇ, ಬಾವುಟಕ್ಕೆ ವಂದಿಸಿ ಪ್ರತಿಜ್ಞೆ ಹೇಳುವಂತೆ ಮಕ್ಕಳನ್ನು ಬಲವಂತ ಮಾಡಕೂಡದು ಎಂದಿತ್ತು. ಎರಡೂ ದೇಶಗಳ ದೇಶಪ್ರೇಮ ಇದರಿಂದ ಕುಗ್ಗಲಿಲ್ಲ.

ಎಲ್ಲರೂ ನನ್ನ ಒಡಹುಟ್ಟಿದವರು ಎಂದು ಹೇಳಿಸುತ್ತಲೇ, ಹೇಳದೆ ನಿಂತ ಒಂದು ಮಗುವನ್ನು ಹೊರಗೆ ಕಳಿಸಿದರೆ ಉಳಿದ ಮಕ್ಕಳು ಕಲಿಯುವುದೇನು? ನೂಲು ತೆಳ್ಳಗಾಗುವುದು ಅಲ್ಲೇ.

ಹಾಗಾಗಿ ಬೆಳಗಿನ ಈ ಮಾತುಗಳು ಉಳಿಯಲಿ ಎಂಬುದೇ ನನ್ನ ಮನವಿ. ಹಳ್ಳಿಯ ಮಗುವೂ ಪೇಟೆಯ ಮಗುವೂ ಒಂದೇ ಮಾತನ್ನು ಒಟ್ಟಿಗೆ ಹೇಳುವ ಇಂಥ ಗಳಿಗೆಗಳು ನಮ್ಮಲ್ಲಿ ಹೆಚ್ಚಿಲ್ಲ. ಆದರೆ ವಾರಕ್ಕೊಂದು ದಿನ, ಶನಿವಾರದ ಬೆಳಗಿನ ಶಾಲೆಯಲ್ಲಿ, ಒಂದೇ ಒಂದು ಪದ ಹಿಡಿದು ಹತ್ತು ನಿಮಿಷ ಮಾತಾಡಿ. ಮಕ್ಕಳು ಪ್ರಶ್ನೆ ಕೇಳಲಿ. ಮೇಷ್ಟ್ರಿಗೆ ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಲಿ. ‘ಸಮಾನತೆ’ ಓದಿದ ದಿನ, ಮಧ್ಯಾಹ್ನದ ಊಟಕ್ಕೆ ಯಾರ ಪಕ್ಕ ಯಾರು ಕೂರುತ್ತಾರೆ ಎಂದು ದೊಡ್ಡವರು ಒಮ್ಮೆ ನೋಡಲಿ.

ಮಗು ತನ್ನ ಮಾತನ್ನು ಬೆಳಿಗ್ಗೆ ಗಟ್ಟಿಯಾಗಿ ಹೇಳಿ ತರಗತಿಗೆ ಹೋಗುತ್ತದೆ. ಕೊಟ್ಟ ಮಾತು ನಡೆಸಬೇಕಾದ ಉಳಿದ ಹೊತ್ತು ನಮ್ಮದು.